ಕ್ಯಾಮೆರಾ ಅಜ್ಜಿಯ ಹೆಸರು ಕರೆಯಿತು

ಜೂನ್ 9, 2025, ಸೋಮವಾರ

ಗೊಬ್ಬರದ ಅಂಗಡಿಯವರು ಅಪ್ಪನಿಗೆ ಪುಕ್ಕಟೆ ಕೊಟ್ಟ ಡೈರಿ ಇದು. ಐದು ತಿಂಗಳು ಅಟ್ಟದ ಮೇಲೆ ಖಾಲಿ ಬಿದ್ದಿತ್ತು. ಇವತ್ತಿನಿಂದ ಇದರಲ್ಲಿ ಬೈಯುವುದು ಅಂತ ಮಾಡಿದ್ದೇನೆ. ಮನೆಯಲ್ಲಿ ಬೈದರೆ ಅವ್ವ ಅಳುತ್ತಾಳೆ, ಅಂಗಡಿಯಲ್ಲಿ ಬೈದರೆ ಗಿರಾಕಿ ಎದ್ದು ಹೋಗುತ್ತಾನೆ. ಕಾಗದ ಎಲ್ಲಿಗೂ ಹೋಗುವುದಿಲ್ಲ.

ಮೊದಲು ಶಿವಯೋಗಪ್ಪ. ಅಪ್ಪ ಓಡಿಸುವ ಹೂವಿನ ಗಾಡಿಯ ಮಾಲೀಕ. ಹನ್ನೊಂದು ವರ್ಷದಿಂದ ಅಪ್ಪ ಬೆಳಿಗ್ಗೆ ಎದ್ದು ನಮ್ಮ ಮಾಗಳದ ತೋಟಗಳಲ್ಲಿ ಮಲ್ಲಿಗೆ ಬುಟ್ಟಿ ತುಂಬಿಕೊಂಡು ಹಡಗಲಿಗೆ, ಅಲ್ಲಿಂದ ಹರಪನಹಳ್ಳಿಗೆ ಮುಟ್ಟಿಸುತ್ತಾನೆ. ಹೂವು ಬಾಡುವ ಮೊದಲು ಮುಟ್ಟಬೇಕು, ಮುಟ್ಟಿದೆ. ಅಂಥವನ ಕಣ್ಣ ಮುಂದೆ ಈ ಯುಗಾದಿಗೆ ಒಂದು ಕ್ಯಾಮೆರಾ ಕೂರಿಸಿದ್ದಾರೆ. ಗಾಜಿಗೆ ಅಂಟಿಕೊಂಡು ಬಾವಲಿಯ ಹಾಗೆ ನೇತಾಡುತ್ತದೆ. "ನಿನ್ನ ಮ್ಯಾಲೆ ಸಂಶೇ ಇಲ್ಲೋ ಗಾದೆಪ್ಪಾ, ಎದುರಿಗೆ ಬರೋರ ಮ್ಯಾಲೆ" ಅಂದರಂತೆ. ಸಂಶಯ ಇಲ್ಲದವರು ಕ್ಯಾಮೆರಾ ಯಾಕೆ ಹಾಕುತ್ತಾರೆ?

ಅದೂ ದಡ್ಡ ಕ್ಯಾಮೆರಾ. ಗಾಡಿ ಕುಣಿದಾಗಲೆಲ್ಲ ಅಪಘಾತವಾಯಿತು ಅಂತ ತಿಳಿದು ಆ ತುಣುಕಿಗೆ ಬೀಗ ಹಾಕಿಟ್ಟುಕೊಳ್ಳುತ್ತದೆ. ನಮ್ಮ ರಸ್ತೆಯಲ್ಲಿ ಗಾಡಿ ಕುಣಿಯದ ಜಾಗ ಯಾವುದು? ಹದಿನೈದು ದಿನಕ್ಕೆ ಮೆಮರಿ ಕಾರ್ಡು ತುಂಬಿ ಕ್ಯಾಮೆರಾ ನಿಂತುಹೋಗುತ್ತದೆ. ಆಗ ಅಪ್ಪ ಉಗುರಿನಷ್ಟಿರುವ ಆ ಕಾರ್ಡನ್ನು ಎಲೆ ಅಡಿಕೆ ಚೀಲದಲ್ಲಿಟ್ಟುಕೊಂಡು ಹಡಗಲಿಯಲ್ಲಿ ನಾನು ಕೆಲಸ ಮಾಡುವ ಮೊಬೈಲ್ ಅಂಗಡಿಗೆ ತರುತ್ತಾನೆ.

"ಯಶೀ, ಇದನ್ನ ತೊಳದು ಕೊಡವ್ವ."

ಫಾರ್ಮ್ಯಾಟ್ ಅನ್ನಲು ಅವನಿಗೆ ನಾಲಿಗೆ ಹೊರಳುವುದಿಲ್ಲ. ತೊಳೆ ಅನ್ನುತ್ತಾನೆ. ಯಾವಾಗಲೂ ಅಂಗಡಿಯ ಮಾಲೀಕ ಗವಿಸಿದ್ದೇಶಣ್ಣ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಿದ್ದ. ಇವತ್ತು ಕಂಪ್ಯೂಟರ್ ಕೆಟ್ಟಿತ್ತು, ಅವನು ಸಾಮಾನು ತರಲು ಹೊಸಪೇಟೆಗೆ ಹೋಗಿದ್ದ. ನನ್ನ ಫೋನಿಗೇ ಹಾಕಿದೆ. ಅಂಗಡಿಯಲ್ಲಿ ನನ್ನನ್ನು ಇಂಗ್ಲಿಷ್ ಮೇಡಂ ಅನ್ನುತ್ತಾರೆ, ನನ್ನ ಫೋನು ಇಂಗ್ಲಿಷಿನಲ್ಲಿದೆ ಅಂತ. ಪರದೆಯ ಮೇಲೆ ಏನೋ ಕೇಳಿತು, ಎರಡು ಬಟನ್. ಮೇಲಿನದು ನೀಲಿ, ದೊಡ್ಡದು. ನೀಲಿಯದು ಯಾವಾಗಲೂ ಸರಿಯಿರುತ್ತದೆ, ಒತ್ತಿದೆ. ಮತ್ತೊಂದು ಕೇಳಿತು, ಅಲ್ಲೂ ನೀಲಿ ಇತ್ತು, ಒತ್ತಿದೆ. ಆರೇಳು ನಿಮಿಷ ತಿರುಗಿ ಮುಗಿಯಿತು. ಫೋನು ಸರಿಯಿದೆಯಾ ಅಂತ ನೋಡಲು ಒಂದು ಫೋಟೋ ಹೊಡೆದೆ. ಅಪ್ಪ ಗಾಡಿಗೆ ಒರಗಿ ಮಂಡಕ್ಕಿ ತಿನ್ನುತ್ತಿದ್ದ.

"ಆತಾ? ಇಷ್ಟ ಏನು?"

"ಇಷ್ಟ. ಇದಕ್ಕೇನು ಪೂಜಿ ಮಾಡಬೇಕಾ?"

ಪಕ್ಕದ ಚಹಾದಂಗಡಿಯವನಿಗೆ ಅಪ್ಪ ಹೇಳುತ್ತಿದ್ದದ್ದು ಕೇಳಿಸಿತು. "ನಮ್ಮ ಹುಡುಗಿ ಒಂಬತ್ತನೇತ್ತಕ್ಕ ಸಾಲಿ ಬಿಟ್ಟಾಕಿ. ಆದ್ರ ಫೋನಿನಾಗ ಏನ ಕೇಳು, ಕಣ್ಣ ಮುಚ್ಚಿ ಮಾಡತಾಳ."

ಜೂನ್ 10, ಮಂಗಳವಾರ

ನನ್ನ ಫೋಟೋ ಎಲ್ಲ ಹೋಗಿವೆ. ಒಂದೂ ಇಲ್ಲ. ಅವ್ವ ರೊಟ್ಟಿ ಬಡಿಯುವುದು, ಹೊಳೆದಂಡೆಯ ನಾಯಿಮರಿ, ಸತ್ತುಹೋದ ಅಜ್ಜಿಯದು, ಎಲ್ಲ. ಬೆಳಿಗ್ಗೆಯಿಂದ ಪರದೆಯ ಮೇಲ್ಗಡೆ ಇಂಗ್ಲಿಷಿನಲ್ಲಿ ಏನೋ ಬರೆದ ಒಂದು ಪಟ್ಟಿ ಬರುತ್ತಿದೆ, ಬೆರಳಲ್ಲಿ ತಳ್ಳಿದರೆ ಹೋಗಿ ಮತ್ತೆ ಬರುತ್ತದೆ. ದರಿದ್ರ ಫೋನು. ಗೋಡೆಗೆ ಹೊಡೆಯಬೇಕು ಅನ್ನಿಸಿತು.

ರೊಟ್ಟಿ ತಿನ್ನುವಾಗ ಅಪ್ಪ ಒಂದೇ ಸಮನೆ ನಗುತ್ತಿದ್ದ.

"ನೀ ತೊಳದು ಕೊಟ್ಟ ಮ್ಯಾಲೆ ಕ್ಯಾಮೆರಾ ಹೊಸಾ ಮಾತು ಕಲತೈತಿ. ಕೀಲಿ ತಿರುವಿದ ಕೂಡ್ಲೆ ಏನೇನೋ ಅಂದು ಕಡೀಕ ಎರ್ರ ಅಂತೈತಿ. ನಮ್ಮವ್ವನ ಹೆಸರು ಅದಕ್ಕ ಯಾರು ಹೇಳಿಕೊಟ್ರೋ!"

ಅಜ್ಜಿಯ ಹೆಸರು ಎರ್ರೆಮ್ಮ. ಓಣಿಯಲ್ಲಿ ಎಲ್ಲರೂ ಎರ್ರ ಅಂತಲೇ ಕೂಗುತ್ತಿದ್ದರು.

"ಅದು ಚೀನಾದ ಡಬ್ಬಿ ಅಪ್ಪ. ಅದಕ್ಕ ಅಜ್ಜಿ ಎಲ್ಲಿ ಗೊತ್ತು?"

"ಗೊತ್ತಿಲ್ದ ಕರೀತಾದೇನು? ನಾನೂ 'ಹ್ಞೂಂ ಬೇ, ಹೊಂಟೆ' ಅಂತೀನಿ. ಮುಂಜಾನೆದ್ದು ಅವ್ವನ ಹೆಸರು ಕಿವಿಗೆ ಬೀಳತೈತಿ, ಚಲೋನ ಆತು."

ಅವ್ವನೂ ನಕ್ಕಳು. ನನಗೂ ನಗು ಬಂತು.

ಜೂನ್ 13, ಶುಕ್ರವಾರ

ಅಪ್ಪನ ಅಂಗಿಯ ಎದೆಯ ಮೇಲೆ ರಕ್ತ. ಅವನದಲ್ಲ.

ಬೆಳಿಗ್ಗೆ ಏಳು ಗಂಟೆಗೆ ಕಾಲುವೆ ತಿರುವಿನಲ್ಲಿ ಒಬ್ಬ ಬೈಕ್ ಸಮೇತ ಬಿದ್ದಿದ್ದನಂತೆ. ಹಿರೇಹಡಗಲಿಯ ಮೈಲಾರೇಶ ಅಂತ, ಮದುವೆಯಾಗದ ಹುಡುಗ. ತಲೆ ಒಡೆದು, ಕಾಲು ತಿರುಚಿಕೊಂಡು ಬಿದ್ದವನ ಪಕ್ಕದಲ್ಲೇ, ಅಪ್ಪನ ಕಣ್ಣ ಮುಂದೆ, ಸಾಲಾಗಿ ನಾಲ್ಕು ಗಾಡಿ ನಿಲ್ಲದೆ ಹೋದವಂತೆ. ಅಪ್ಪ ನಿಲ್ಲಿಸಿದ. ಹನ್ನೆರಡು ಬುಟ್ಟಿ ಮಲ್ಲಿಗೆಯನ್ನು ರಸ್ತೆಯ ಪಕ್ಕ ಇಳಿಸಿ, ಅವನನ್ನು ಹಿಂದೆ ಮಲಗಿಸಿಕೊಂಡು ಹಡಗಲಿ ಆಸ್ಪತ್ರೆಗೆ ಒಯ್ದ. ಅಲ್ಲಿಂದ ದಾವಣಗೆರೆಗೆ ಕಳಿಸಿದರು. ವಾಪಸ್ ಬರುವಷ್ಟರಲ್ಲಿ ಹೂವು ಬಾಡಿತ್ತು.

"ನಿನಗ ಯಾಕ ಬೇಕಿತ್ತು?" ಅಂದೆ. "ನಾಕು ಮಂದಿ ಹೋದ್ರಲ್ಲ, ನೀ ಐದನೇದವ ಆಗಿದ್ರ ಏನಾಗ್ತಿತ್ತು?"

"ನೀರು ಕೇಳಿದನವ್ವ ಅವ" ಅಂದ ಅಪ್ಪ. ಅಷ್ಟೇ.

ಅವ್ವ ಅಂಗಿಯನ್ನು ಮೂರು ಸಲ ಒಗೆದಳು. ಕಲೆ ಹೋಗಲಿಲ್ಲ.

ಜೂನ್ 14, ಶನಿವಾರ

ನಾನು ಹೇಳಿದ್ದೇ ಆಯಿತು. ಮೈಲಾರೇಶನ ತಾಯಿ ನಾಗಲಿಂಗಮ್ಮ ಠಾಣೆಗೆ ದೂರು ಕೊಟ್ಟಿದ್ದಾಳೆ. ನಮ್ಮಪ್ಪನೇ ಗುದ್ದಿದ್ದು ಅಂತ. ಗಾಡಿಯ ಮುಂದೆ ಎಡಗಡೆ ನೆಗ್ಗಿದೆಯಂತೆ. ಅದು ಹೋದ ವರ್ಷ ತೋಟದ ಕಲ್ಲಿಗೆ ತಾಗಿ ನೆಗ್ಗಿದ್ದು, ಊರಿಗೆಲ್ಲ ಗೊತ್ತು. ಅವಳಿಗೆ ಗೊತ್ತಿಲ್ಲ. ಆ ಹುಡುಗನಿಗೆ ಎಚ್ಚರ ಬಂದಿದೆ, ಆದರೆ ಬೆಳಿಗ್ಗೆ ಮನೆ ಬಿಟ್ಟಿದ್ದಷ್ಟೇ ನೆನಪಂತೆ.

"ಬಡದವರ ಎತ್ತಿಕೊಂಡು ಬರತಾರ. ಬಡೀದವರಿಗೆ ಏನು ಗರಜು?" ಅಂದಳಂತೆ ಆ ಹೆಂಗಸು.

ಹೋಗಿ ಅವಳ ಜಡೆ ಹಿಡಿದು ಕೇಳಬೇಕು ಅನ್ನಿಸಿತು. ಆದರೆ ಬೇಕಾಗಿಲ್ಲ. ಕ್ಯಾಮೆರಾ ಇದೆ. ಶಿವಯೋಗಪ್ಪ ಸಂಶಯಕ್ಕೆ ಹಾಕಿಸಿದ್ದು ಅಪ್ಪನ ಕೆಲಸಕ್ಕೇ ಬಂತು. ಓಣಿಯವರಿಗೆಲ್ಲ ಹೇಳಿದೆ, ಸೋಮವಾರ ಠಾಣೆಯಲ್ಲಿ ಕಾರ್ಡು ನೋಡುತ್ತಾರೆ, ಆಮೇಲೆ ಅವಳು ಬಂದು ಅಪ್ಪನ ಕಾಲು ಹಿಡಿಯಬೇಕು ಅಂತ.

ಜೂನ್ 16, ಸೋಮವಾರ

ಕಾರ್ಡಿನಲ್ಲಿ ಏನೂ ಇಲ್ಲ.

ಠಾಣೆಯ ಕಂಪ್ಯೂಟರಿಗೆ ಹಾಕಿ ನೋಡಿದರಂತೆ. ಹದಿಮೂರನೇ ತಾರೀಖು ಹಾಳಾಗಲಿ, ಯಾವ ತಾರೀಖೂ ಇಲ್ಲ. ಬರೀ ಬೋಳು. ಸಾಹೇಬರು ಕೇಳಿದರು, ಯಾರು ಅಳಿಸಿದ್ದು ಅಂತ.

ಅಪ್ಪ ಹೇಳಿದ: "ನಾನರಿ."

ಅಲ್ಲಿದ್ದ ಶಿವಯೋಗಪ್ಪ ಕೀಲಿಕೈ ಕಸಿದುಕೊಂಡು ಇವನಿಗೆ ಇನ್ನು ಮುಂದೆ ಗಾಡಿ ಇಲ್ಲ ಅಂದರಂತೆ. ಗಾಡಿ ಈಗ ಠಾಣೆಯ ಅಂಗಳದಲ್ಲಿದೆ, ಅಪ್ಪನ ಲೈಸೆನ್ಸು ಸಾಹೇಬರ ಟೇಬಲ್ಲಿನ ಮೇಲಿದೆ. ಸಾಹೇಬರು ಕೆಟ್ಟವರಲ್ಲ, ಒಂದು ವಾರ ಸಮಯ ಕೊಟ್ಟಿದ್ದಾರೆ. "ನಿಜ ಏನೈತಿ ಹೇಳಿಬಿಡು ಗಾದೆಪ್ಪ. ಅಳಿಸಿದ್ದು ಯಾಕ ಅಂತ ಹೇಳು" ಅಂದರಂತೆ. ಇವನು ಬಾಯಿ ಬಿಡಲಿಲ್ಲ.

ಫೋನಿನಲ್ಲಿ ಕರೆ ಕತ್ತರಿಸಲು ಬರುವುದಿಲ್ಲ ನಮ್ಮಪ್ಪನಿಗೆ. ಮಾತು ಮುಗಿದ ಮೇಲೆ ಫೋನು ಅವ್ವನ ಕೈಗೆ ಕೊಡುತ್ತಾನೆ, ಬಂದ್ ಮಾಡು ಅಂತ. ಅವನು ಅಳಿಸಿದನಂತೆ.

ಹಾಗಾದರೆ ಯಾಕೆ ಹಾಗಂದ? ಗುದ್ದಿದ್ದಾನಾ?

ಈ ಸಾಲು ಹೊಡೆದುಹಾಕಬೇಕು ಅಂದುಕೊಂಡೆ. ಹೊಡೆದುಹಾಕಿಲ್ಲ.

ಜೂನ್ 17, ಮಂಗಳವಾರ

ಅಪ್ಪನ ಜೊತೆ ಮಾತಾಡಲಿಲ್ಲ.

ಜೂನ್ 19, ಗುರುವಾರ

ಅಂಗಡಿಯಿಂದ ಬೇಗ ಬಂದುಬಿಟ್ಟೆ.

ಮಧ್ಯಾಹ್ನ ಹರಪನಹಳ್ಳಿ ಹತ್ತಿರದ ಅರಸೀಕೆರೆಯ ಕಡೆಯ ಒಬ್ಬ ಅಜ್ಜ ಅಂಗಡಿಗೆ ಬಂದ. ಹೊಸ ಫೋನು, ಹೊಸ ಕಾರ್ಡು. "ಇದನ್ನ ಅದರಾಗ ಕುಂದರಿಸವ್ವ, ಭಜನಿ ಪದ ತುಂಬಿಸಬೇಕು." ಅವನ ಫೋನು ಕನ್ನಡದಲ್ಲಿತ್ತು. ಕನ್ನಡದಲ್ಲಿ ಫೋನು ಇಟ್ಟುಕೊಂಡವರನ್ನು ಕಂಡರೆ ನನಗೆ ನಗು. ಎಷ್ಟೋ ಜನರದ್ದನ್ನು ಕೇಳದೆಯೇ ಇಂಗ್ಲಿಷಿಗೆ ಬದಲಾಯಿಸಿ ಕೊಟ್ಟಿದ್ದೇನೆ.

ಕಾರ್ಡು ಹಾಕಿದೆ. ಅದೇ ಪರದೆ ಬಂತು. ಅದೇ ಎರಡು ಬಟನ್, ಅದೇ ಜಾಗ, ಮೇಲಿನದು ನೀಲಿ. ಬೆರಳು ಹೋಯಿತು. ಆದರೆ ಕನ್ನಡ ನೋಡಿ, ಕಣ್ಣು ತಾನೇ ಓದಿಬಿಟ್ಟಿತು.

ನೀಲಿ ಬಟನ್ನಿನ ಕೆಳಗೆ ಬರೆದಿತ್ತು: ಈ ಕಾರ್ಡ್ ಇನ್ನು ಮುಂದೆ ಈ ಫೋನಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದರ ಕೆಳಗೆ, ಬಣ್ಣವಿಲ್ಲದ ಸಣ್ಣ ಬಟನ್ನಿನ ಹತ್ತಿರ: ಬೇರೆ ಸಾಧನಗಳಲ್ಲಿಯೂ ಬಳಸಬಹುದು. ಎಲ್ಲದರ ಕೆಳಗೆ: ಕಾರ್ಡಿನಲ್ಲಿರುವ ಎಲ್ಲವನ್ನೂ ಅಳಿಸಲಾಗುತ್ತದೆ.

ನಮ್ಮ ಕಡೆ ಒರೆಸು ಅಂತೇವೆ, ಕೆಡಿಸು ಅಂತೇವೆ. ಅಳಿಸು ಅನ್ನುವುದು ಪುಸ್ತಕದ, ಠಾಣೆಯ ಮಾತು; ನಮಗೆ ಅಳಿಸು ಅಂದರೆ ಅಳುವ ಹಾಗೆ ಮಾಡುವುದು.

"ಯಾಕವ್ವ, ನಿಂತುಬಿಟ್ಟಿ?" ಅಂದ ಅಜ್ಜ.

ನಾನು ಅವತ್ತು ಒತ್ತಿದ್ದು ಮೇಲಿನದು. ಆ ಕಾರ್ಡು ನನ್ನ ಫೋನಿನದಾಯಿತು. ಎರಡನೇ ನೀಲಿಗೆ ನನ್ನ ಫೋಟೋ ಎಲ್ಲ ಅದರೊಳಗೆ ಹೋದವು. ಅದನ್ನು ಕಿತ್ತು ಅಪ್ಪನಿಗೆ ಕೊಟ್ಟೆ. ಕ್ಯಾಮೆರಾ ಅದನ್ನು ಓದಲಾರದೆ ದಿನಾ ಬೆಳಿಗ್ಗೆ ಬಾಯಿಬಿಟ್ಟು ಹೇಳಿತು. ಮೆಮರಿ ಕಾರ್ಡ್ ಎರರ್. ದಿನಕ್ಕೆ ಹತ್ತು ಸಲ ನಾನೇ ಗಿರಾಕಿಗಳಿಗೆ "ಎರರ್ ಬರಾಕತ್ತೈತ್ರಿ" ಅನ್ನುತ್ತೇನೆ. ಅಪ್ಪ ನನ್ನ ಎದುರಿಗೆ ಕೂತು ಎರ್ರ ಅಂದಾಗ ನಾನು ರೊಟ್ಟಿ ಮುರಿದುಕೊಂಡು ನಕ್ಕೆ.

ಅಪ್ಪ ಪ್ರತಿ ದಿನ ಅದಕ್ಕೆ ಹ್ಞೂಂ ಬೇ ಅಂದ.

ಜೂನ್ 20, ಶುಕ್ರವಾರ

ಯಾರಿಗೂ ಹೇಳಿಲ್ಲ.

ಗವಿಸಿದ್ದೇಶಣ್ಣನಿಗೆ ಬೇರೆ ಯಾರದೋ ಮಾತು ಅನ್ನುವ ಹಾಗೆ ಕೇಳಿದೆ. ಅವನು ಪಕ್ಕನೆ ಹಿಡಿದ.

"ನಿಮ್ಮಪ್ಪಂದ ಕಾರ್ಡ್ ಏನು? ನೀನ ಮಾಡೀದೇನು?"

ಕೈಯಲ್ಲಿದ್ದ ಗಿರಾಕಿಯ ಫೋನು ಒರೆಸತೊಡಗಿದೆ.

"ಯಶೋಧಾ, ಬಾಯಿ ಮುಚಗೊಂಡಿರು. ಕಾರ್ಡ್ ತಾನ ಕೆಟ್ಟೈತಿ ಅಂದ್ರ ಮುಗೀತು. ಇಂಗ್ಲಿಷ್ ಮೇಡಂಗ ಓದಾಕ ಬರಂಗಿಲ್ಲ ಅಂತ ಹಡಗಲಿ ತುಂಬ ಆದ್ರ ನಮ್ಮಂಗಡಿಗೆ ಯಾರು ಫೋನ್ ಕೊಡತಾರ?"

ಅವನು ಅಂದದ್ದು ಸರಿಯೇ. ಕಾರ್ಡು ಕೆಟ್ಟಿತು ಅಂದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಅಪ್ಪ ಆಗಲೇ ತಾನು ಅಳಿಸಿದೆ ಅಂತ ಹೇಳಿದ್ದಾನೆ. ಈಗ ಅವನೇ ಹೋಗಿ ತಾನಾಗಿ ಕೆಟ್ಟಿತು ಅಂದರೆ ಎರಡನೇ ಸುಳ್ಳು. ನನ್ನ ಫೋನಿಗೆ ಆ ಕಾರ್ಡು ಹಾಕಿದರೆ ಮಾತ್ರ ಬಾಯಿ ಬಿಡುತ್ತದೆ. ಪ್ರಪಂಚದಲ್ಲಿ ಇನ್ಯಾವ ಫೋನಿಗೂ ಬಿಡುವುದಿಲ್ಲ.

ಅವ್ವನ ಸೊಂಟ ನೋವಿಗೆ ಮನೆಗೆಲಸ ಮಾಡಲು ಶಾಲೆ ಬಿಟ್ಟೆ ಅಂತ ನಮ್ಮ ಮನೆಯಲ್ಲಿ ತಿಳಿದಿದ್ದಾರೆ. ಸುಳ್ಳು. ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಇಂಗ್ಲಿಷ್ ಪಾಠ ಎದ್ದು ಓದು ಅಂದರು. ಎದ್ದೆ. ಅಕ್ಷರ ಗೊತ್ತಿದ್ದವು, ಕೂಡಿಸಲು ಬರಲಿಲ್ಲ. ಮುಂದಿನ ಬೆಂಚಿನಿಂದ ನಗು ಶುರುವಾಗಿ ಹಿಂದಿನ ಬೆಂಚಿಗೆ ಬಂತು. ನಾನು ಪೂರ್ತಿ ಪೀರಿಯಡ್ ನಿಂತೇ ಇದ್ದೆ. ಮರುದಿನ ಹೋಗಲಿಲ್ಲ. ಅವತ್ತಿನಿಂದ ಜಾಗ ನೋಡಿ, ಬಣ್ಣ ನೋಡಿ ಒತ್ತುವುದು ಕಲಿತೆ. ಆರು ವರ್ಷ ಯಾರಿಗೂ ಗೊತ್ತಾಗಿಲ್ಲ.

ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ.

ಜೂನ್ 22, ಭಾನುವಾರ

ಅಪ್ಪ ಹೊಳೆದಂಡೆಯ ಕಲ್ಲಿನ ಮೇಲೆ ಕೂತಿದ್ದ. ಗಾಡಿ ಇಲ್ಲದ ಮೇಲೆ ದಿನಾ ಅಲ್ಲೇ. ಐದು ದಿನದ ನಂತರ ಮಾತಾಡಿಸಿದೆ. ಮೊದಲು ಅದನ್ನೇ ಕೇಳಿದೆ.

"ಗುದ್ದೀಯೇನು?"

ಬೈಯುತ್ತಾನೆ ಅಂದುಕೊಂಡೆ. ನೀರು ನೋಡುತ್ತ ಹೇಳಿದ. "ಇಲ್ಲವ್ವ. ನಾ ಬರೂದ್ರಾಗ ಬಿದ್ದಿದ್ದ. ಬೈಕಿನ ಗಾಲಿ ಇನ್ನಾ ತಿರಗತಿತ್ತು."

"ಮತ್ತ ನಾನ ಅಳಿಸೀನಿ ಅಂತ ಯಾಕ ಅಂದಿ?"

"ಯಾರು ಅಂತ ಕೇಳಿದ್ರು. ನೀ ತೊಳದು ಕೊಟ್ಟಿದ್ದಿ. ನಿನ್ನ ಹೆಸರು ಹೇಳಿದ್ರ ನಿನ್ನ ಠಾಣಿಗೆ ಕರಸತಿದ್ರು. ಮದಿವಿ ಆಗೋ ಹುಡುಗಿ, ಠಾಣಿ ಮೆಟ್ಟಲ ಹತ್ತಸಲೇನು?"

"ನಾ ತೊಳದದ್ದು ಒಂಬತ್ತನೇ ತಾರೀಖು! ಬಿದ್ದದ್ದು ಹದಿಮೂರು! ಅಷ್ಟೂ ತಿಳೀಲಿಲ್ಲೇನು ನಿನಗ?"

"ತೊಳದಿದ್ದಿ, ಖಾಲಿ ಇತ್ತು. ನನಗ ಅಷ್ಟ ಗೊತ್ತಾತು. ನಿಂದು ಏನೂ ತಪ್ಪು ಇರಂಗಿಲ್ಲ ಅಂತಂದು…"

ತಪ್ಪು ಇದೆ ಅಂದೆ. ಎಲ್ಲ ಹೇಳಿದೆ. ನೀಲಿ ಬಟನ್, ಫೋಟೋ, ಎರರ್. ಶಾಲೆಯದನ್ನೂ ಹೇಳಿದೆ. ಅದು ಯಾಕೆ ಬಾಯಿಗೆ ಬಂತೋ.

ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ಕೇಳಿದ. "ಹಂಗಾರ ಅದು ನಮ್ಮವ್ವನ್ನ ಕರೀಲಿಲ್ಲ?"

"ಇಲ್ಲ ಅಪ್ಪ."

"ಮ್ಮ್" ಅಂದ. ಅವನ ಮುಖ ನೋಡಲು ಆಗಲಿಲ್ಲ. ಠಾಣೆಯ ಮಾತಿಗೂ ಗಾಡಿಯ ಮಾತಿಗೂ ಬಾಡದ ಮುಖ ಇದಕ್ಕೆ ಬಾಡಿತು.

ಜೂನ್ 23, ಸೋಮವಾರ

ಠಾಣೆಗೆ ಹೋದೆ. ಅಪ್ಪ ಬೇಡ ಬೇಡ ಅನ್ನುತ್ತಲೇ ಹಿಂದೆ ಬಂದ. ಅವ್ವನೂ ಬಂದಳು, ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡು.

ಸಾಹೇಬರು ಕೊಟ್ಟ ವಾರ ಇವತ್ತಿಗೆ ಮುಗಿಯುತ್ತಿತ್ತು. ಶಿವಯೋಗಪ್ಪ ಕುರ್ಚಿಯಲ್ಲಿ. ಗೋಡೆಗೆ ಒರಗಿ ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ಮಡಿಲಲ್ಲಿ ಆಸ್ಪತ್ರೆಯ ಚೀಟಿಗಳ ಚೀಲ. ಹತ್ತು ದಿನದಿಂದ ತಲೆ ಬಾಚಿಲ್ಲ. ಇವಳೇ ನಾಗಲಿಂಗಮ್ಮ ಅಂತ ಯಾರೂ ಹೇಳಬೇಕಾಗಲಿಲ್ಲ. ನಾನು ಹಿಡಿಯಬೇಕು ಅಂದುಕೊಂಡಿದ್ದ ಜಡೆ ಗಂಟುಗಂಟಾಗಿ ಹೆಗಲ ಮೇಲೆ ಬಿದ್ದಿತ್ತು.

ಸಾಹೇಬರಿಗೆ ಹೇಳಿದೆ, ಆ ಕಾರ್ಡು ನನ್ನ ಫೋನಿಗೆ ಹಾಕಿ ಅಂತ. ಅವರು ಲಕೋಟೆಯಿಂದ ತೆಗೆಸಿ, ಇಬ್ಬರನ್ನು ಸಾಕ್ಷಿಗೆ ಪಕ್ಕಕ್ಕೆ ನಿಲ್ಲಿಸಿಕೊಂಡು, ವಿಡಿಯೋ ಮಾಡಿಸುತ್ತ ಹಾಕಿಸಿದರು. ಎರಡು ನಿಮಿಷ ಏನೂ ಆಗಲಿಲ್ಲ. ಶಿವಯೋಗಪ್ಪ ಕೆಮ್ಮಿದರು. ಆಮೇಲೆ ಬಂದವು. ರೊಟ್ಟಿ ಬಡಿಯುವ ಅವ್ವ. ನಾಯಿಮರಿ. ಅಜ್ಜಿ. ಎಲ್ಲದರ ಕೊನೆಗೆ, ಜೂನ್ ಒಂಬತ್ತು, ಸಂಜೆ ನಾಲ್ಕು ಇಪ್ಪತ್ತು, ಗಾಡಿಗೆ ಒರಗಿ ಮಂಡಕ್ಕಿ ತಿನ್ನುವ ಅಪ್ಪ.

"ಅವತ್ತಿಂದ ಇದು ನನ್ನ ಫೋನಿಂದ ಆಗೇತ್ರಿ. ಕ್ಯಾಮೆರಾ ಇದರಾಗ ಒಂದ ಚೂರೂ ಬರಕೊಂಡಿಲ್ಲ. ಅಪ್ಪ ಅಳಿಸಿಲ್ಲ. ಅಳಸಾಕ ಏನೂ ಇರಲೇ ಇಲ್ಲ."

ರೈಟರ್ ಹುಲುಗಣ್ಣ ಅಂತ ಒಬ್ಬರು, ಮೀಸೆ ನೆರೆತವರು, ಹೇಳಿಕೆ ಬರೆದುಕೊಳ್ಳಲು ಕೂತರು.

"ತಪ್ಪಾಗಿ ಯಾಕ ಒತ್ತಿದಿ? ಕಾರಣ ಬರೀಬೇಕವ್ವ. ಗಡಿಬಿಡಿ ಇತ್ತು ಅಂತ ಬರೀಲೇನು?"

"ಇಂಗ್ಲಿಷ್ ಓದಾಕ ಬರಂಗಿಲ್ಲ ಅಂತ ಬರೀರಿ."

"ನೀ ಫೋನ್ ಅಂಗಡಿಯಾಕಿ ಅಲ್ಲೇನ?"

"ಹೌದ್ರಿ. ಹಂಗ ಬರೀರಿ. ಫೋನ್ ಅಂಗಡಿಯಾಕಿಗೆ ಓದಾಕ ಬರಂಗಿಲ್ಲ ಅಂತ."

ಅವರು ಪೆನ್ನು ಎತ್ತಿ ನನ್ನನ್ನೊಮ್ಮೆ ನೋಡಿ ಬರೆದರು. ಓದಿ ಹೇಳಿದರು. ಸಹಿ ಹಾಕಿದೆ. ಯಾರೂ ನಗಲಿಲ್ಲ. ನಗುತ್ತಾರೆ ಅಂತ ಬೆನ್ನು ಗಟ್ಟಿ ಮಾಡಿಕೊಂಡು ನಿಂತಿದ್ದೆ, ಅದು ಹಾಗೇ ಗಟ್ಟಿಯಾಗಿ ಉಳಿಯಿತು.

ಆಗ ನಾಗಲಿಂಗಮ್ಮ ನೆಲದಿಂದಲೇ ಕೇಳಿದಳು. ಬೈಯುವ ದನಿಯಲ್ಲ.

"ತಂಗೀ, ಹಂಗಾರ ನನ್ನ ಮಗ ಹೆಂಗ ಬಿದ್ದ ಅಂತ… ಅದರಾಗ ಇಲ್ಲೇ ಇಲ್ಲೇನು?"

"ಇಲ್ಲಬೇ."

"ಇನ್ನ ಎಲ್ಲೂ ಸಿಗಂಗಿಲ್ಲ?"

ನಾನು ಅಪ್ಪನ ಸಲುವಾಗಿ ಬಂದಿದ್ದೆ. ಇವಳೂ ಆ ಕಾರ್ಡಿಗೇ ಕಾದು ಕೂತಿದ್ದಾಳೆ ಅಂತ ಒಂದು ಸಲವೂ ಹೊಳೆದಿರಲಿಲ್ಲ. ಅವಳ ಮಗನಿಗೆ ನೆನಪಿಲ್ಲ. ನೋಡಿದೆ ಅಂತ ಯಾರೂ ಮುಂದೆ ಬಂದಿಲ್ಲ. ನೋಡಬೇಕಾಗಿದ್ದ ಕಣ್ಣು ಒಂದೇ ಒಂದಿತ್ತು, ಅದನ್ನು ನಾನು ಕುರುಡು ಮಾಡಿದ್ದೆ.

"ಇಲ್ಲಬೇ. ನನ್ನಿಂದ ಹೋತು" ಅಂದೆ.

ಅವಳು ಚೀಲದ ಬಾಯಿ ಕಟ್ಟುತ್ತ ಕೂತಳು. ಕಟ್ಟಿದಳು, ಬಿಚ್ಚಿದಳು, ಕಟ್ಟಿದಳು.

ಜೂನ್ 25, ಬುಧವಾರ

ಗವಿಸಿದ್ದೇಶಣ್ಣ ಎರಡು ದಿನ ಬರಬೇಡ ಅಂದಿದ್ದ. ಇವತ್ತು ಹೋದೆ. ಪಕ್ಕದ ಚಹಾದಂಗಡಿಯವನಿಂದ ಹಿಡಿದು ಎಲ್ಲರಿಗೂ ಗೊತ್ತಾಗಿದೆ. ಒಬ್ಬ ಹುಡುಗ ಬೇಕೆಂದೇ ಫೋನು ಚಾಚಿ "ಮೇಡಂ, ಇದೇನು ಬರದೈತಿ ಓದಿ ಹೇಳ್ರಿ" ಅಂದ.

"ಓದಾಕ ಬರಂಗಿಲ್ಲ. ಕನ್ನಡಕ್ಕ ಹಾಕಿ ಕೊಡು, ಹೇಳತೀನಿ" ಅಂದೆ. ಕೈ ಎತ್ತಲಿಲ್ಲ. ಬೈಯಲೂ ಇಲ್ಲ. ಅವನೇ ಸಪ್ಪಗಾದ.

ನನ್ನ ಫೋನೂ ಕನ್ನಡಕ್ಕೆ ಹಾಕಿದೆ. ಒಳಗೆ ಇಷ್ಟೆಲ್ಲ ಬರೆದಿತ್ತಾ?

ಜೂನ್ 28, ಶನಿವಾರ

ನಾಗಲಿಂಗಮ್ಮ ಅಂಗಡಿಗೆ ಬಂದಳು. ನೋಡಿದ ಕೂಡಲೇ ಎದ್ದು ನಿಂತೆ.

ಮಗನ ಫೋನು ತಂದಿದ್ದಳು. ಬಿದ್ದಾಗ ಗಾಜು ಬಿರುಕು ಬಿಟ್ಟಿದೆ. ಜಾಗ ತುಂಬಿ ಹೋಗಿದೆ, ದಾವಣಗೆರೆಯ ಆಸ್ಪತ್ರೆಯವರು ಕಳಿಸುವ ಚೀಟಿಗಳು ಬರುತ್ತಿಲ್ಲ.

"ಇಲ್ಲಿ ತನಕ ಯಾಕ ಬಂದ್ರಿ? ಹಿರೇಹಡಗಲಿಯಾಗ ಅಂಗಡಿ ಇಲ್ಲೇನು?"

"ಅದಾವು. ಎಲ್ಲಾರೂ ಗೊತ್ತೈತಿ ಗೊತ್ತೈತಿ ಅಂದು ಕಸಗೊಂತಾರ. ಇದರಾಗ ಅವನ ಫೋಟ ಅದಾವು. ಅವನ ಮಾತು ಅದಾವು. ನೀ ಓದಾಕ ಬರಂಗಿಲ್ಲ ಅಂದಾಕಿ. ಅದಕ್ಕ ಬಂದೀನಿ."

ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದೆ. ಇದು ಒತ್ತಿದರೆ ಇದು ಹೋಗುತ್ತದೆ. 'ಒತ್ತಲೇನು?' 'ಒತ್ತು.' ಇದು ಒತ್ತಿದರೆ ಮೈಲಾರೇಶ ಹೊಳೆಯಲ್ಲಿ ಈಜುವುದು ಹೋಗುತ್ತದೆ. 'ಒತ್ತಲೇನು?' 'ಬ್ಯಾಡ.' ಗವಿಸಿದ್ದೇಶಣ್ಣ ಗಡಿಯಾರ ನೋಡುತ್ತಿದ್ದ, ನೋಡಲಿ. ಒಂದೂವರೆ ಗಂಟೆ ಹಿಡಿಯಿತು. ಬೇಕಾದ ಒಂದು ಫೋಟೋನೂ ಹೋಗಲಿಲ್ಲ.

ಎದ್ದು ಹೊರಡುವಾಗ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೇಳಿದಳು.

"ಸೋಮವಾರ ಠಾಣಿಗೆ ಹೋಗತೀನಿ. ನಿಮ್ಮಪ್ಪ ಬಡದಾನೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲ ಅಂತನ ಬರಸತೀನಿ. ಎತ್ತಿಕೊಂಡು ಆಸ್ಪತ್ರಿಗೆ ಒಯ್ದದ್ದು ಗೊತ್ತೈತಿ. ಅದನ್ನೂ ಬರಸತೀನಿ."

ಬಸ್ಸು ನಿಲ್ಲುವ ಜಾಗದ ತನಕ ಅವಳ ಚೀಲ ಹಿಡಿದುಕೊಂಡು ಹೋದೆ.

ಜುಲೈ 5, ಶನಿವಾರ

ನಿನ್ನೆ ಗಾಡಿ ಬಿಟ್ಟರು. ಲೈಸೆನ್ಸು ಬಂತು. ಶಿವಯೋಗಪ್ಪ ಕೀಲಿಕೈಯನ್ನು ಅಪ್ಪನ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟು "ಮಲ್ಲಿಗಿ ಕಾಯಾಕತ್ತೈತಿ" ಅಂತಷ್ಟೇ ಅಂದು ಹೋದರು. ಠಾಣೆಯವರು ಕಾರ್ಡನ್ನೂ ವಾಪಸ್ ಕೊಟ್ಟರು.

ಇವತ್ತು ಬೆಳಿಗ್ಗೆ ನಮ್ಮ ಮನೆಯ ಮುಂದೆ ಗಾಡಿಯಲ್ಲಿ ಕೂತು ಕಾರ್ಡನ್ನು ಫೋನಿಗೆ ಹಾಕಿದೆ. ಫೋಟೋಗಳನ್ನೆಲ್ಲ ಮೊದಲು ಹೊರಗೆ ತೆಗೆದೆ. ಆಮೇಲೆ ಒಂದೊಂದೇ ಸಾಲು ಅಪ್ಪನಿಗೆ ಕೇಳುವ ಹಾಗೆ ಓದಿದೆ. ನೀಲಿ ಬಟನ್ ಬಿಟ್ಟು ಕೆಳಗಿನದು ಹುಡುಕಿದೆ.

"ಎಲ್ಲವನ್ನೂ ಅಳಿಸಲಾಗುತ್ತದೆ ಅಂತೈತಿ ಅಪ್ಪ. ಒತ್ತಲೇನು?"

"ಒತ್ತು. ಅಳೂದೆಲ್ಲಾ ಆಗೇತಲ್ಲ."

ಒತ್ತಿದೆ. ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿದೆ. ಅಪ್ಪ ಕೀಲಿ ತಿರುವಿದ. ಟಿಂಗ್ ಅಂತ ಒಂದು ಸದ್ದು, ಕೆಂಪು ದೀಪ ಮಿಣುಕಿತು, ಒಂದು ಸಣ್ಣ ಮಾತು. ಅಷ್ಟೇ. ಅಪ್ಪ ಕಿವಿ ಕೊಟ್ಟು ಕಾಯುತ್ತಿದ್ದ.

"ಎರ್ರ ಅನ್ನಲಿಲ್ಲ."

"ಅನ್ನಬಾರದು ಅಪ್ಪ. ಈಗ ಸರಿ ಐತಿ."

ಅಪ್ಪ ಸ್ಟೇರಿಂಗ್ ಮೇಲೆ ಕೈಯಿಟ್ಟ. "ಮತ್ತೊಮ್ಮೆ ಅಂದ್ರ?"

"ಅಂದ್ರ ಗಾಡಿ ನಿಂದರಿಸಿ ನನಗ ಫೋನ್ ಹಚ್ಚು. ಅಜ್ಜಿ ಕರದ್ಲು ಅಂತ ನೀ ಒಬ್ಬನ ಹ್ಞೂಂ ಅನಬ್ಯಾಡ."